ಅಮವಾಸ್ಯೆಯ ರೆಕಾರ್ಡಿಂಗ್

ಬಸವಕಲ್ಯಾಣದ ಶಾಲೆಯಿಂದ ನಿವೃತ್ತಳಾದ ಮೇಲೆ ಕೆಲವು ಕಾಲ ಹುಮನಾಬಾದಿನ ತಮ್ಮನ ಮನೆಯಲ್ಲಿದ್ದೆ. ಅವನು ಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಮನೆ ಮಿಲ್ಲಿನ ಗೋಡೆಗೇ ಅಂಟಿಕೊಂಡಿತ್ತು. ಹರೆಯದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸಿದವನಿಗೆ, ತನ್ನದೂ ಒಂದು ಕ್ಯಾಸೆಟ್ ಇರಬೇಕೆಂಬ ಹಟ ಹುಟ್ಟಿತು. ಎರಡು ಮೈಕು, ಒಂದು ಹಳೆಯ ಟೇಪ್ ಡೆಕ್ ತಂದ. ಹೆಡ್‌ಫೋನ್ ಹಾಕಿಕೊಂಡು ಕೂರುವ ಕೆಲಸ ನನ್ನದಾಯಿತು.

ಮಿಲ್ಲು ನಡೆಯುವಾಗ ಆ ಮನೆಯಲ್ಲಿ ಮಾತೇ ಕೇಳುತ್ತಿರಲಿಲ್ಲ. ಅಮವಾಸ್ಯೆಗೆ ಮಾತ್ರ ಯಂತ್ರಗಳಿಗೆ ತೆಂಗಿನಕಾಯಿ ಒಡೆದು ಬಂದ್ ಇಡುತ್ತಿದ್ದರು. ಹೀಗಾಗಿ, ಯಾರೂ ಹೊಸ ಕೆಲಸಕ್ಕೆ ಕೈ ಹಾಕದ ದಿನವೇ ನಮ್ಮ ರೆಕಾರ್ಡಿಂಗ್.

ತಮ್ಮನ ಹೆಂಡತಿ ದನಿ ಮಾರ್ದನಿಸದಂತೆ ಗೋಡೆಗೆ ಕೌದಿ ಕಟ್ಟುತ್ತ, "ಅಕ್ಕಾರ, ಅಮಾಸಿ ದಿನಾ ದೆವ್ವ ಬಿಡಸೋದು ನೋಡೀನಿ, ಗಿಟಾರ್ ಬಾರಸೋದು ಇದೇ ಮೊದಲರಿ" ಎಂದಳು.

ಒಂದು ಮೈಕನ್ನು ಗಿಟಾರಿನ ಕುತ್ತಿಗೆ ಮೈಗೆ ಸೇರುವ ಜಾಗಕ್ಕೆ ಇಟ್ಟೆವು. ಮೈಯ ನಡುವಿನ ತೂತಿನ ನೇರ ಮುಂದೆ ಇಟ್ಟರೆ ಬರೀ ಗುಂಯ್‌ಗುಡುತ್ತಿತ್ತು. ಇನ್ನೊಂದು ಅವನ ಭುಜದ ಮೇಲೆ, ತಂತಿಗಳ ಕಡೆ ಮುಖ ಮಾಡಿ. ಫ್ಯಾನ್ ಬಂದ್. ಅವನು ಬಾರಿಸತೊಡಗಿದಾಗ ತಂತಿಯ ನಾದದ ಹಿಂದೆ ಏನೋ ಸಣ್ಣಗೆ ಸಿಳ್ಳೆ ಹಾಕಿದಂತೆ ಕೇಳಿಸಿತು. ವಯರು ಸಡಿಲಾಗಿರಬೇಕು ಎಂದುಕೊಂಡೆ. ಮುಂದಿನ ಅಮವಾಸ್ಯೆಗೆ ವಯರು ಹೊಸದು. ಸಿಳ್ಳೆ ಮಾತ್ರ ಇನ್ನೂ ದಪ್ಪವಾಗಿತ್ತು.

ಆಮೇಲಿನ ಅಮವಾಸ್ಯೆ ನಾನು ಒಂದೊಂದನ್ನೇ ತಪಾಸಣೆ ಮಾಡಿದೆ. ಮೈಕುಗಳನ್ನು ಅದಲುಬದಲು ಮಾಡಿದೆ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದೆ. ಸಪ್ಪಳ ಹೋಗಲಿಲ್ಲ. ಟೇಪ್ ಓಡುತ್ತಿರುವಾಗಲೇ, ಬಾರಿಸದೆ ಸುಮ್ಮನೆ ಕೂಡು ಎಂದು ತಮ್ಮನಿಗೆ ಹೇಳಿದೆ. ಕೂತ. ಗಿಟಾರಿನ ದನಿ ಇಲ್ಲದ್ದಕ್ಕೆ ಅದು ಇನ್ನೂ ಸ್ಪಷ್ಟವಾಗಿ ಕೇಳಿತು: ಎಳೆಯುವುದು, ನಿಲ್ಲುವುದು, ಒಳಗೆ ಏನೋ ಕೆರೆದಂತಾಗುವುದು.

"ಹೊರಗ ಹೋಗಿ ನಿಂದ್ರು."

"ಯಾಕಕ್ಕಾ, ಕ್ಲಾಸಿನಾಗ ಮಾತಾಡೀನೇನು?" ಎಂದು ನಗುತ್ತ ಹೋದ.

ಅವನು ಹೊಸ್ತಿಲು ದಾಟಿದ ಕೂಡಲೇ ಹೆಡ್‌ಫೋನಿನಲ್ಲಿ ಆ ಸಪ್ಪಳ ನಿಂತುಹೋಯಿತು.

ಒಳಗೆ ಕರೆದು, ನಿನ್ನ ಉಸಿರು ಮೈಕಿಗೆ ಬೀಳುತ್ತಿದೆ ಎಂದಷ್ಟೇ ಹೇಳಿದೆ.

"ಇಷ್ಟೇ ಏನು? ಉಸುರು ಹಿಡದು ಬಾರಸ್ತೀನಿ, ತಗೋ" ಎಂದ.

ನಾನು ಬೇಡ ಎನ್ನುವಷ್ಟರಲ್ಲಿ ಶುರು ಮಾಡಿದ. ಅಷ್ಟು ಶುದ್ಧವಾದ ನಾದವನ್ನು ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಆದರೂ ನನ್ನ ಕಿವಿ ರಾಗದ ಮೇಲೆ ಇರಲಿಲ್ಲ. ಉಸಿರು ತಿರುಗಿ ಬರುವುದನ್ನು ಕಾಯುತ್ತಿತ್ತು. ಅವನ ತುಟಿ ಕಪ್ಪಾಯಿತು. ಬೆರಳು ತಂತಿಯಿಂದ ಜಾರಿತು. ಕೆಮ್ಮು ಎದ್ದದ್ದು ಬೇಗ ನಿಲ್ಲಲಿಲ್ಲ.

ಅವನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಳು. "ರಾತ್ರಿ ಬಾಜೂಕ ಮಲಗಿದಾಗೂ ಕೇಳ್ತಿತ್ತರಿ. ಮಷೀನಿನ ಸಪ್ಪಳನ ಕಿವ್ಯಾಗ ಉಳದದ ಅಂದ್ಕೊಂಡಿದ್ದೆ" ಎಂದಳು.

"ಕಲಬುರಗಿಗೆ ಹೋಗೋಣ, ಡಾಕ್ಟರಿಗೆ ಎದಿ ತೋರಸ್ಬೇಕು" ಎಂದೆ.

"ಬ್ಯಾಳಿ ಧೂಳಿನಾಗ ಎಲ್ಲಾರೂ ಕೆಮ್ತಾರಕ್ಕಾ. ನಂದೇನು ಹೊಸಾದು?"

ನಾನು ಟೇಪ್ ಹಿಂದಕ್ಕೆ ತಿರುಗಿಸಿ, ಅವನು ಬಾರಿಸದೆ ಕೂತಿದ್ದ ಭಾಗಕ್ಕೆ ತಂದು, ಹೆಡ್‌ಫೋನನ್ನು ಅವನ ಕಿವಿಗೆ ಹಾಕಿದೆ. ಮೊದಲು ನಗುತ್ತಿದ್ದ. ಆಮೇಲೆ ಕಣ್ಣು ನೆಲಕ್ಕೆ ನೆಟ್ಟವು. ಆ ಭಾಗ ಮುಗಿಯುವ ತನಕ ಅಲುಗಲಿಲ್ಲ.

ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದ:

"ಕಲಬುರಗಿ ಬಸ್ಸು ಎಷ್ಟಕ್ಕದ, ಅಕ್ಕಾ?"