ಮುಂದಿನ ಸ್ಪ್ರಾಕೆಟ್

ತುರಾತ್ ಒಳ್ಳೆಯ ಕೆಲಸಗಾರ. ಅದೇ ಅವನಿಗೆ ಮುಳುವಾಯಿತು. ಅವನು ಹಾಕಿದ ಬೈಕಿನ ಚೈನು ಮೂರು ವರ್ಷ ಬಾಳುತ್ತಿತ್ತು. ಹಾಕಿಸಿಕೊಂಡವನು ಮೂರು ವರ್ಷ ಇತ್ತ ತಲೆ ಹಾಕುತ್ತಿರಲಿಲ್ಲ.

ಅಟ್-ಬಾಶಿಯ ಬಜಾರಿನ ಕೊನೆಯಲ್ಲಿ ನನ್ನ ಊಟದಂಗಡಿ. ಎದುರಿಗೆ ಹಳೆಯ ಕಬ್ಬಿಣದ ಕಂಟೇನರಿನಲ್ಲಿ ಅವನ ಬೈಕ್ ರಿಪೇರಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಮಧ್ಯಾಹ್ನ ಬಂದು ಗೋಡೆಯ ಕಡೆ ಮುಖ ಮಾಡಿ ಒಂದು ಬಟ್ಟಲು ಲಾಗ್ಮನ್ ಶಾವಿಗೆ ತಿಂದು, ಬೆರಳಲ್ಲಿ ತುಟಿ ಒರೆಸಿಕೊಂಡು ಹೋಗುತ್ತಿದ್ದ. ಇನ್ನೊಂದು ಮದುವೆಯಾಗೋ ಮಹರಾಯ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಅವನದು ತೆರೆಯುವ ಜಾತಿಯದೇ ಅಲ್ಲ.

ಉಪಕರಣಗಳ ಮಾತು ಬಂದರೆ ಮಾತ್ರ ತೆರೆಯುತ್ತಿತ್ತು. ಚೈನಿನ ಪಿನ್ನು ತಳ್ಳಿ ಬಿಚ್ಚುವ, ಒತ್ತಿ ಕೂರಿಸುವ ಉಪಕರಣ ಅವನ ಹತ್ತಿರ ಎರಡಿದ್ದವು. ಒಂದು ಬಜಾರಿನ ಅಗ್ಗದ್ದು. ಇನ್ನೊಂದನ್ನು ಗಡಿಯ ಕಡೆ ಹೊರಟಿದ್ದ ಪರದೇಶಿ ಬೈಕಿನವನೊಬ್ಬನಿಂದ ಎರಡು ಕುರಿಯ ಬೆಲೆ ಕೊಟ್ಟು ಕೊಂಡಿದ್ದ. ಬಜಾರಿಗೆ ಬಜಾರೇ ಆಡಿಕೊಂಡು ನಕ್ಕಿತು. ಅವನು ಅದನ್ನು ಉಣ್ಣೆಯ ಕಂಬಳಿ ತುಂಡಿನಲ್ಲಿ ಸುತ್ತಿಟ್ಟ. ಹಾಗೆಂದು ದುಬಾರಿಯದಕ್ಕೆಲ್ಲ ಬಾಯಿ ಬಿಡುವವನಲ್ಲ. ಸುತ್ತಿಗೆಗೆ, ಚಕ್ರದ ನಟ್ಟು ಬಿಚ್ಚುವ ಪಾನಾಕ್ಕೆ ದುಡ್ಡು ಸುರಿಯುವವನು ಮಂಕ ಎನ್ನುತ್ತಿದ್ದ. ಪಿನ್ನಿನ ವಿಷಯವೇ ಬೇರೆಯಂತೆ.

"ಅಗ್ಗದ್ದು ಕೈಗೆ ಏನೂ ಹೇಳಲ್ಲ ಎಜೆ," ಎಂದಿದ್ದ ಒಮ್ಮೆ. ಎಜೆ ಅಂದರೆ ಅಕ್ಕ, ನಾನು ಅವನಿಗಿಂತ ಆರು ವರ್ಷ ದೊಡ್ಡವಳು. "ಒಳ್ಳೇದಾದ್ರೆ ಪಿನ್ನು ಎಷ್ಟು ಬಿಗಿ ಕೂತಿದೆ ಅಂತ ಬೆರಳಿಗೆ ತಿಳಿಯುತ್ತೆ. ಅಗ್ಗದ್ದು ಸುಮ್ನೆ ತಿರುಗ್ತಾ ಇರುತ್ತೆ, ಆಮೇಲೆ ಮುರಿಯುತ್ತೆ."

ಅವನಿಗಿದ್ದ ಒಬ್ಬನೇ ಗೆಳೆಯ ಸಾಗಿನ್. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ನಮ್ಮಲ್ಲಿ ಓರಗೆಯವರು ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು, ಯಾರೂ ಮುನಿಸಿಕೊಳ್ಳುವ ಹಾಗಿಲ್ಲ. ಸಾಗಿನ್ ಆಕ್-ಸಾಯ್ ಹುಲ್ಲುಗಾವಲಿನಲ್ಲಿ ಊರವರ ಕುರಿ ಕಾಯುವವನು. ಬೈಕು ಕೆಟ್ಟಾಗ ಮಾತ್ರ ಇಳಿದು ಬರುತ್ತಿದ್ದ. ಒಂದು ಗಂಟೆಯ ಕೆಲಸಕ್ಕೆ ಇಡೀ ದಿನ ಹಿಡಿಯುತ್ತಿತ್ತು. ಕಂಟೇನರಿನ ಬಾಗಿಲಲ್ಲಿ ಅಳಗುಳಿ ಮಣೆ ಹಾಕಿಕೊಂಡು ಇಬ್ಬರೂ ನೀನು ಕಾಯಿ ಕದ್ದೆ, ನೀನೇ ಕದ್ದೆ ಎಂದು ಜಗಳವಾಡುತ್ತಿದ್ದರು. ಆ ದಿನ ತುರಾತ್ ಎರಡು ಬಟ್ಟಲು ಲಾಗ್ಮನ್ ತಿನ್ನುತ್ತಿದ್ದ.

ಆ ವರ್ಷ ಮೇ ತಿಂಗಳಲ್ಲಿ ಸಾಗಿನ್ ಪೂರಾ ಸೆಟ್ಟು ಹಾಕಿಸಲು ಬಂದ. ಚೈನು, ಅದು ಓಡುವ ಹಲ್ಲಿನ ಚಕ್ರಗಳಾದ ಹಿಂದಿನ ಸ್ಪ್ರಾಕೆಟ್, ಮುಂದಿನ ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೇ ಬದಲಿಸಬೇಕು ಎಂಬುದು ತುರಾತನ ಕಟ್ಟುನಿಟ್ಟು. ಸವೆದ ಹಲ್ಲಿಗೆ ಹೊಸ ಚೈನು ಹಾಕು ಎಂದವರನ್ನು ಬೈದು ಕಳಿಸುತ್ತಿದ್ದ. ಸಾಗಿನ್ ಹಿಗ್ಗಿನಲ್ಲಿದ್ದ. ಚಳಿಗಾಲಕ್ಕೂ ಮೇಲೆಯೇ ಇರುವ ಹಾಗೆ ಮನೆ ಸಿಕ್ಕಿದೆ, ನಿನ್ನ ಕೈಯ ಸೆಟ್ಟು ಕೂತರೆ ಇನ್ನು ಮೂರು ವರ್ಷ ಕೆಳಗಿಳಿಯುವ ತಾಪತ್ರಯವಿಲ್ಲ ಎಂದು ನಕ್ಕ.

ನಾನು ಮಂಟಿ ಕಡುಬಿನ ತಟ್ಟೆ ಕೊಡಲು ಹೋಗಿದ್ದೆ. ತುರಾತ್ ಮುಂದಿನ ಮುಚ್ಚಳ ಬಿಚ್ಚಿ ನೋಡಿದ. ನಾನೂ ನೋಡಿದೆ. ಹಲ್ಲುಗಳು ಸವೆದು ಕುಡುಗೋಲಿನ ಹಾಗೆ ಬಾಗಿದ್ದವು. ಅವನು ಗ್ರೀಸು ಸವರಿ ಮುಚ್ಚಳ ಹಾಕಿದ. ಮುಂದಿನದು ಇನ್ನೂ ಗಟ್ಟಿಯಾಗಿದೆ, ಹಿಂದಿನದು, ಚೈನು ಬದಲಿಸಿದರೆ ಸಾಕು ಎಂದ. ಅದೂ ಬಜಾರಿನ ಅಗ್ಗದ ಚೈನು. ಕಂಬಳಿಯ ಗಂಟು ಅಂದು ಬಿಚ್ಚಲೇ ಇಲ್ಲ. ಎಲ್ಲದಕ್ಕೂ ಮೂಗು ತೂರಿಸುವ ನಾನು ಆ ದಿನ ಬಾಯಿಗೆ ಬೀಗ ಹಾಕಿಕೊಂಡೆ. ಆ ಪಾಪದಲ್ಲಿ ನನಗೂ ಪಾಲಿದೆ.

ಸಂಜೆ ಅವನಾಗಿಯೇ ಅಂಗಡಿಗೆ ಬಂದು, ಕೇಳದೆಯೇ ಹೇಳಿದ.

"ಸೆಪ್ಟೆಂಬರಿಗೆ ಬಂದೇ ಬರ್ತಾನೆ ಎಜೆ. ಅಷ್ಟು ಹೊತ್ತಿಗೆ ಚೈನು ಜೋತುಬೀಳುತ್ತೆ."

ಅವನ ಮುಖದಲ್ಲಿದ್ದ ಗೆಲುವು ನೋಡಿ ಬೈಯಲು ನನಗೆ ಮನಸ್ಸಾಗಲಿಲ್ಲ.

ಜುಲೈ ಕೊನೆಗೆ ನರಿನ್ ಪಟ್ಟಣದಲ್ಲಿ ಸಾಗಿನನ ಅಕ್ಕ ತೀರಿಕೊಂಡಳು. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದವಳು ಅವಳೇ. ಮೇಲೆ ಫೋನು ಹತ್ತುವುದಿಲ್ಲ, ಕುದುರೆಯವನೊಬ್ಬ ಸುದ್ದಿ ಮುಟ್ಟಿಸಿದ. ಸಾಗಿನ್ ನಿಂತ ಬಟ್ಟೆಯಲ್ಲೇ ಬೈಕು ಹತ್ತಿ ಹೊರಟ. ಕಣಿವೆ ದಾಟುವ ಇಳಿಜಾರಿನಲ್ಲಿ ಚೈನು ಹಲ್ಲು ಬಿಟ್ಟು ಹಾರಿ, ಸಿಕ್ಕಿಕೊಂಡು ತುಂಡಾಯಿತು. ಒಂದು ಹಗಲು, ಒಂದು ರಾತ್ರಿ ಬೈಕು ತಳ್ಳಿಕೊಂಡು ನಡೆದ. ಪಟ್ಟಣದಲ್ಲಿ ಅವನಿಗಾಗಿ ಎರಡು ದಿನ ಕಾದರು, ಬಿಸಿಲಿಗೆ ಅದಕ್ಕಿಂತ ಹೆಚ್ಚು ಇಡಲಾಗಲಿಲ್ಲ. ಅವನು ಮುಟ್ಟುವಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು. ಒಡಹುಟ್ಟಿದವಳಿಗೆ ಒಂದು ಹಿಡಿ ಮಣ್ಣು ಹಾಕುವ ಋಣವೂ ಅವನಿಗಿಲ್ಲದೆ ಹೋಯಿತು.

ವಾರ ಕಳೆದು ಯಾರದೋ ಲಾರಿಯಲ್ಲಿ ಬೈಕು ಹೇರಿಕೊಂಡು ಬಂದ. ಸುದ್ದಿ ಅಷ್ಟರಲ್ಲಿ ನಮಗೂ ಮುಟ್ಟಿತ್ತು. ತುರಾತ್ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದ. ನಾನೂ ರಸ್ತೆ ದಾಟಿ ಹೋದೆ. ಸಾಗಿನನೇ ಮೊದಲು ಮಾತಾಡಿದ. ಎಣ್ಣೆ ಹಾಕುವುದನ್ನು ಮರೆತಿದ್ದೆ, ಹೊಳೆಯಲ್ಲೂ ಇಳಿಸಿದ್ದೆ, ತಪ್ಪು ನಿನ್ನ ಕೆಲಸದ್ದಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ಅಕ್ಕನನ್ನು ಕಳೆದುಕೊಂಡವನು ಇವನಿಗೆ ಸಮಾಧಾನ ಹೇಳುತ್ತಿದ್ದ.

ತುರಾತ್ ಮುಚ್ಚಳ ಬಿಚ್ಚಿ, ಬಾಗಿದ ಹಲ್ಲಿನ ಸ್ಪ್ರಾಕೆಟನ್ನು ತೆಗೆದು ಅವನ ಕೈಗಿಟ್ಟ.

"ಇದು ಮೇ ತಿಂಗಳಲ್ಲೇ ಹೀಗಿತ್ತು. ನಂಗೆ ಗೊತ್ತಿತ್ತು. ನೀನು ಬೇಗ ಬರ್ಲಿ ಅಂತ ಬಿಟ್ಟೆ."

ಸಾಗಿನ್ ಅದನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದ. ಸಿಟ್ಟಿಗೆದ್ದು ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

"ನಾನು ಬರ್ಬೇಕು ಅಂದ್ರೆ ಚೈನು ಸವೀಬೇಕಿತ್ತಾ? ಬಾರೋ ಅಂತ ಒಂದು ಮಾತು ಅಂದಿದ್ರೆ ಬರ್ತಿರ್ಲಿಲ್ವಾ ನಾನು?"

ತುರಾತ್ ಕಂಬಳಿ ಬಿಚ್ಚಿದ. ಇದ್ದುದರಲ್ಲಿ ಅತ್ಯುತ್ತಮವಾದ ಚೈನು ತೆಗೆದು, ಮೂರನ್ನೂ ಬದಲಿಸಿ, ಆ ದುಬಾರಿ ಉಪಕರಣದಲ್ಲಿ ಪಿನ್ನಿನ ತಲೆಯನ್ನು ಇಷ್ಟಿಷ್ಟೇ ಒತ್ತಿ ಅರಳಿಸಿ ಕೂರಿಸಿದ. ಅಷ್ಟು ಹೊತ್ತೂ ಸಾಗಿನ್ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ರೊಟ್ಟಿ ಮುಟ್ಟದೆ ಹೊಸ್ತಿಲು ದಾಟುವುದು ನಮ್ಮಲ್ಲಿ ಹಗೆಯಾದವನಿಗೂ ಸಲ್ಲ. ತುರಾತ್ ರೊಟ್ಟಿ ಹಿಡಿದಾಗ ಅವನು ಚೂರು ಮುರಿದು ಬಾಯಿಗೆ ಹಾಕಿಕೊಂಡ, ಕೂರಲಿಲ್ಲ. ಬೈಕು ಒದ್ದು ಹೊರಟುಹೋದ.

ಇದು ಮೂರನೆಯ ಬೇಸಿಗೆ. ಆಕ್-ಸಾಯ್ ಕಡೆಯಿಂದ ಯಾರು ಬಂದರೂ ತುರಾತ್ ಸಾಗಿನನ ಬೈಕು ಹೇಗಿದೆ ಎಂದು ಕೇಳುತ್ತಾನೆ. ಸಾಗಿನ್ ಹೇಗಿದ್ದಾನೆ ಎಂದು ಕೇಳುವುದಿಲ್ಲ. ಹೋದ ವಾರ ಬಂದವನೊಬ್ಬ ಚೈನು ಒಂದು ಚೂರೂ ಸಡಿಲವಾಗಿಲ್ಲ ಎಂದ. ಅಂದು ಮಧ್ಯಾಹ್ನ ತುರಾತ್ ಬಟ್ಟಲಿನ ಮುಂದೆ ಕೂತರೂ ಊಟ ಮುಟ್ಟಲಿಲ್ಲ. ನನಗೆ ರೇಗಿಹೋಯಿತು. ಬೈಕು ನಿನ್ನದೂ ಇದೆ, ದಾರಿ ಅಲ್ಲೇ ಬಿದ್ದಿದೆ, ನೀನೇ ಎದ್ದು ಹೋಗಿ ಅವನ ಮುಂದೆ ನಿಲ್ಲಬಾರದೇನೋ ಮುಠ್ಠಾಳ ಎಂದು ಕೂಗಿದೆ.

ತುರಾತ್ ಗೋಡೆಯಿಂದ ಮುಖ ತಿರುಗಿಸಲಿಲ್ಲ.

"ಅವನು ಬಾ ಅಂದಿಲ್ವಲ್ಲ ಎಜೆ," ಎಂದ.