ಸಾಸರಿನಡಿಯ ನೋಟು

ನನ್ನ ಪಾತ್ರೆ ಅಂಗಡಿಯ ಎದುರಿನ ಹೋಟೆಲಿನಲ್ಲಿ ಒಬ್ಬ ಸಪ್ಲೈಯರ್ ಇದ್ದಾರೆ. ಜೊತೆಯವರು ಅವರಿಗೆ ಇಟ್ಟ ಹೆಸರು ಸಾಹುಕಾರ. ಕೂದಲು ಕತ್ತರಿಸುವವನಿರಲಿ, ಚಪ್ಪಲಿ ಹೊಲಿಯುವವನಿರಲಿ, ಹೇಳಿದ ದರದ ಮೇಲೆ ಏನಾದರೂ ಇಟ್ಟೇ ಏಳುವ ಚಾಳಿ ಅವರದು. ಟಿಪ್ಸಿನಲ್ಲಿ ಬಂದದ್ದು ಟಿಪ್ಸಿನಲ್ಲೇ ಹೋಗುತ್ತದೆ. ವ್ಯಾಪಾರದ ಕಣ್ಣಿಗೆ ಇದು ಶುದ್ಧ ದಿವಾಳಿ.

ಹೋಟೆಲಿರುವುದು ಬಂದರಿನ ಪಕ್ಕ. ಗಿರಾಕಿಗಳು ನಾನಾ ದೇಶದವರು. ಬಿಲ್ಲಿನಲ್ಲಿ ಇಷ್ಟು ಪಾಲು ಎಂದು ಲೆಕ್ಕ ಹಾಕಿ ಇಡುವವರುಂಟು, ಚಿಲ್ಲರೆ ಬಿಟ್ಟು ಹೋಗುವವರುಂಟು, ಕೈಕುಲುಕುವ ನೆಪದಲ್ಲಿ ನೋಟು ದಾಟಿಸುವವರುಂಟು. ಬಾಯ್ತುಂಬ ಹೊಗಳಿ ಬರಿಗೈಯಲ್ಲಿ ಎದ್ದು ಹೋಗುವವರೂ ಉಂಟು, ಅವರು ಬಹುಪಾಲು ಒಂದೇ ದೇಶದ ಕಡೆಯವರು.

"ಆ ಕಡೆಯವರಲ್ಲಿ ಕೊಡೋ ಪದ್ಧತಿನೇ ಇಲ್ವಂತೆ," ಎಂದು ನಾನೊಮ್ಮೆ ಹೇಳಿದೆ.

"ಪದ್ಧತಿ ಎಲ್ಲಿ ಬಂತು ಅಣ್ಣಾ, ಕೈ ಬಿಗಿ ಅಷ್ಟೇ," ಎಂದರು ಸಾಹುಕಾರ.

ಅವರ ಮಗ ಮೆಚ್ಚಿದ ಹುಡುಗಿ ಸರಿಯಾಗಿ ಆ ಕಡೆಯವಳೇ. ಅವಳ ತಂದೆ ಗಡಿಯಾರ ರಿಪೇರಿ ಮಾಡುವವರು. ಸಮುದ್ರದಾಚೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟವರು. ಮಾತುಕತೆಗೆ ಸಾಹುಕಾರ, ಅವರ ಹೆಂಡತಿ, ನಡುವೆ ಮಾತು ನಿಂತರೆ ತಳ್ಳಲು ನಾನು, ಹೀಗೆ ಮೂವರು ಹೋದೆವು. ಅಂಗಡಿಯ ಮೇಲೇ ಮನೆ. ಹುಡುಗಿ ಕಾಫಿ ತಂದಳು. ಮಾತು ಸಲೀಸಾಗಿ ಸಾಗಿ, ಮದುವೆ ಯಾವ ತಿಂಗಳು ಎನ್ನುವವರೆಗೂ ಬಂತು.

ನಾವು ಮೆಟ್ಟಿಲಿಳಿದು ಬೀದಿಗೆ ಬಂದಿದ್ದೆವಷ್ಟೆ. ಹುಡುಗಿ ಏದುಸಿರು ಬಿಡುತ್ತ ಓಡಿ ಬಂದಳು, ಕೈಯಲ್ಲೊಂದು ನೋಟು.

"ಮಾವ, ಸಾಸರ್ ಕೆಳಗೆ ಬಿಟ್ಟು ಬಂದಿದ್ದೀರಿ."

"ಬಿಟ್ಟಿಲ್ಲಮ್ಮ, ನಿನಗೇ ಇಟ್ಟಿದ್ದು. ಕಾಫಿ ಚೆನ್ನಾಗಿತ್ತು."

ಹುಡುಗಿಯ ಮುಖ ಇಳಿಯಿತು. ಮೆಟ್ಟಿಲ ತುದಿಯಲ್ಲಿ ನಿಂತಿದ್ದ ತಂದೆ ಕೇಳಿಸಿಕೊಂಡಿದ್ದರು. ಅವರು ಜೋರು ಮಾಡುವವರಲ್ಲ. "ನನ್ನ ಮಗಳು ಮನೆಗೆ ಬಂದವರಿಗೆ ಕಾಫಿ ಕೊಟ್ಟಳು, ಮಾರಲಿಲ್ಲ," ಎಂದು ಬಾಗಿಲು ಹಾಕಿಕೊಂಡರು. ಸಂಬಂಧ ಅಲ್ಲಿಗೆ ನಿಂತಿತು.

ದಾರಿಯುದ್ದಕ್ಕೂ ಸಾಹುಕಾರರ ಹೆಂಡತಿಯದೇ ಮಾತು. "ಗಿರಾಕಿ ಹಾಗೆ ಕೂತು ಗಿರಾಕಿ ಹಾಗೆ ಎದ್ದು ಬಂದ್ರಲ್ಲ. ಬಿಲ್ಲೂ ಕೇಳಬೇಕಿತ್ತು."

ಮಗ ಅಪ್ಪನೊಡನೆ ಮಾತು ಬಿಟ್ಟ. ಸಾಹುಕಾರ ಇಡ್ಲಿ ಕೇಳಿದವರಿಗೆ ದೋಸೆ ಕೊಡತೊಡಗಿದರು. ನೋಡಲಾಗದೆ ನಾನು ಅಂಗಡಿಯ ಗಡಿಯಾರ ಎತ್ತಿಕೊಂಡು ರಿಪೇರಿಗೆ ಹೋದೆ.

"ಅವರು ಸ್ವಂತ ತಂಗಿ ಮನೇಲೂ ಲೋಟದ ಕೆಳಗೆ ಇಟ್ಟೇ ಏಳೋದು, ಸ್ವಾಮಿ. ದುಡಿದ ಕೈ ಬರಿದಾಗಿರಬಾರದು ಅಂತ ಅವರ ಹಟ," ಎಂದೆ.

"ನಮ್ಮಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕೊಟ್ರೆ, ನಿನ್ನ ಕಸುಬಿಂದ ನಿನ್ನ ಹೊಟ್ಟೆ ತುಂಬಲ್ಲ ಅಂದ ಹಾಗೆ," ಎಂದರು ಅವರು, ಕಣ್ಣಿನ ಭೂತಗನ್ನಡಿ ತೆಗೆಯದೆ. ಚಿಲ್ಲರೆ ಇಟ್ಟುಕೊಳ್ಳಿ ಎಂದು ನಾನು ಹೇಳಿದರೂ ಬಿಡಲಿಲ್ಲ, ಎಣಿಸಿ ಕೊಟ್ಟರು. ಆ ಮಾತನ್ನು ಹಾಗೇ ತಂದು ಸಾಹುಕಾರರಿಗೆ ಮುಟ್ಟಿಸಿದೆ. ಅವರು ಮೇಜು ಒರೆಸುತ್ತಲೇ ಇದ್ದರು, ಒರೆಸಿದ್ದನ್ನೇ ಮತ್ತೆ.

ಮುಂದಿನ ವಾರ ನಾನು ಹೋಟೆಲಿನಲ್ಲಿದ್ದಾಗಲೇ ಗಡಿಯಾರದವರು ಬಂದು ಸಾಹುಕಾರರ ಮೇಜಿಗೇ ಕೂತರು. ತಿಂದರು, ಕಾಫಿ ಕುಡಿದರು, ಬಿಲ್ಲು ತೆತ್ತರು, ಎದ್ದರು, ಮತ್ತೆ ಕೂತರು. ಕಹಿ ಮದ್ದು ನುಂಗುವವರಂತೆ ಮುಖ ಮಾಡಿ ಸಾಸರಿನಡಿ ಒಂದು ನೋಟು ತೂರಿಸಿ ಸರಸರನೆ ಹೊರಟರು.

ಸಾಹುಕಾರ ನೋಟು ಹಿಡಿದು ಬಾಗಿಲವರೆಗೆ ಓಡಿದರು. "ಇದನ್ನ ಬಿಟ್ಟು ಹೋಗ್ತಾ ಇದ್ದೀರಿ."

"ಬಿಟ್ಟಿಲ್ಲ. ನಿಮಗೇ."

"ಬೀಗರ ಕೈಲಿ ಟಿಪ್ಸ್ ತಗೊಂಡೆ ಅಂದ್ರೆ ನನ್ನ ಹೆಂಡ್ತಿ ಮನೆಗೆ ಸೇರಿಸ್ತಾಳಾ?"

ಬೀಗರು ಎಂಬ ಮಾತನ್ನು ಗಡಿಯಾರದವರು ತಿದ್ದಲಿಲ್ಲ. "ಇಟ್ಕೊಳ್ಳಿ," ಎಂದರು. "ನೀವೇ ಇಟ್ಕೊಳ್ಳಿ," ಎಂದರು ಇವರು. ನೋಟು ಹೋಗಿ ಬಂದು ಮಾಡತೊಡಗಿತು. ಹಿಂದೆ ಗಿರಾಕಿಗಳು ಸಾಲುಗಟ್ಟಿದರು.

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕರು ಕನ್ನಡಕ ಏರಿಸಿದರು. "ಇಬ್ಬರಿಗೂ ಬೇಡ ಅಂದ್ರೆ ಈ ಡಬ್ಬಿಗೆ ಹಾಕಿ. ನನಗೇನೂ ಬೇಜಾರಿಲ್ಲ."

ಸಾಹುಕಾರ ತಕ್ಷಣ ನೋಟನ್ನು ಜೇಬಿಗಿಳಿಸಿದರು. ಗಡಿಯಾರದವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕ ಮೇಲೆ, ಯಾವ ತಿಂಗಳು ಎಂದು ಕೇಳಿದರು.