ಸೋಲಪ್ಪ ಗೆದ್ದ ಕಂತು

ಸೋಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ನಮ್ಮ ಸಂಘದವರು ಇಟ್ಟದ್ದು. ಅವನ ಕಸುಬು ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹಾಕುವುದು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಸೈಕಲ್ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ, ಬಾಗಿಲಷ್ಟೇ ಅಗಲದ ಮಳಿಗೆ. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ತೊಡೆಯ ಮೇಲೆ ಕುರ್ಚಿಯೊಂದನ್ನು ಮಕಾಡೆ ಮಲಗಿಸಿಕೊಂಡು ಕೂತಿರುತ್ತಾನೆ. ಎಡಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾನೆ. ಗಿರಾಕಿಗಳು ಅದನ್ನು ಗತ್ತು ಅಂದುಕೊಂಡಿದ್ದಾರೆ. ಗತ್ತಲ್ಲ, ಕತ್ತು.

ಒಂದು ಕಾಲದಲ್ಲಿ ಅವನು ವಾರ ವಾರ ಟಿವಿಯಲ್ಲಿ ಬರುತ್ತಿದ್ದ. ಮುಖ ಮಾತ್ರ ಬರುತ್ತಿರಲಿಲ್ಲ.

ಆಗ ನಮ್ಮಲ್ಲೊಂದು ಕುಸ್ತಿ ಕಂಪನಿ ಇತ್ತು. ಮಣ್ಣಿನ ಕುಸ್ತಿಯಲ್ಲ. ಸುತ್ತ ಹಗ್ಗ ಕಟ್ಟಿದ ಅಂಕಣ, ಮಿರಮಿರ ಹೊಳೆಯುವ ಚಡ್ಡಿ, ಯಾರು ಗೆಲ್ಲಬೇಕೆಂದು ಬೆಳಗಿನ ಕಾಫಿಯ ಹೊತ್ತಿಗೇ ತೀರ್ಮಾನವಾಗಿರುವ ಕುಸ್ತಿ. ಹಳೆಯ ಗೋದಾಮೊಂದರಲ್ಲಿ, ತಿಂಗಳಿಗೆ ಬೇಕಾದ ಕಂತುಗಳನ್ನೆಲ್ಲ ಒಂದೇ ದಿನದಲ್ಲಿ ಚಿತ್ರೀಕರಿಸಿ ಮುಗಿಸುತ್ತಿದ್ದರು. ಪ್ರೇಕ್ಷಕರು ಕೂಲಿಯವರು. ಕಂತು ಬದಲಾದರೆ ಅಂಗಿ ಬದಲಿಸಿ ಎದುರು ಸಾಲಿಗೆ ಹೋಗಿ ಕೂರುತ್ತಿದ್ದರು. ಗೆಲ್ಲುವುದಕ್ಕೆ ಒಬ್ಬ ಹೀರೋ ಇದ್ದ. ಸೋಲುವುದಕ್ಕೆ ಐದು ಜನ: ಕರಿಚೇಳು, ಯಮನ ಭಾವಮೈದ, ಹೊರದೇಶದ ಡಾಕ್ಟರ್, ವಿಷಕನ್ಯೆಯ ಅಣ್ಣ, ಉಕ್ಕಿನ ಕುತ್ತಿಗೆ. ಐವರಿಗೂ ಮುಖವಾಡ. ಐವರೂ ಸೋಲಪ್ಪನೇ. ನೆಲವನ್ನು ಬಿಟ್ಟರೆ ಅವನ ಬೆನ್ನು ತಟ್ಟಿದವರು ಯಾರೂ ಇಲ್ಲ.

ಕಂಪನಿ ಮುಚ್ಚಿತು. ನಮ್ಮ ಬಾಯಿ ಮುಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ಪೈಪು ಅಂಗಡಿಯ ಮಹಡಿಯಲ್ಲಿ ಅದರ ಅಭಿಮಾನಿಗಳು ಸೇರುತ್ತೇವೆ. ಅಂಗಡಿಯ ಮಾಲೀಕರೇ ಅಧ್ಯಕ್ಷರು. ಸುತ್ತಳತೆಯಲ್ಲೂ ಅವರಿಗೆ ಎದುರಾಳಿಗಳಿಲ್ಲ. ಕುಸ್ತಿಯ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ಟಿವಿ ವ್ಯಾಪಾರ. ಕಂಪನಿಯು ಚಾನೆಲ್ಲಿನಿಂದ ವಾರಕ್ಕೊಂದು ಗಂಟೆ ಕೊಂಡುಕೊಂಡು, ಜಾಹೀರಾತುಗಳನ್ನು ತಾನೇ ಹಿಡಿದು ತರುತ್ತಿತ್ತು. ಮುಖ್ಯ ಜಾಹೀರಾತು ಮೈಕೈ ನೋವಿನ ಎಣ್ಣೆಯದು. ನೋವು ಸೋಲಪ್ಪನದು, ಎಣ್ಣೆ ಇನ್ಯಾರದೋ. ಇಂಥ ವ್ಯಾಪಾರ ಯಾಕೆ ಮುಳುಗಿತು ಎಂಬ ಬಗ್ಗೆ ಸಂಘದಲ್ಲಿ ಎರಡು ಪಂಗಡ. ಸಂಜೆಯ ಆಟವನ್ನು ಶನಿವಾರ ಮಧ್ಯಾಹ್ನಕ್ಕೆ ಎತ್ತಿ ಹಾಕಿದ್ದೇ ಕಾರಣ ಎನ್ನುವವರು ಅಧ್ಯಕ್ಷರ ಕಡೆ. ಎಣ್ಣೆಯವರು ಕೈಬಿಟ್ಟಿದ್ದೇ ಕಾರಣ ಎನ್ನುವವರು ತೆರಿಗೆ ಸಲಹೆಗಾರರ ಕಡೆ. ಈ ಸಲಹೆಗಾರರು ಸತ್ತ ಕಂಪನಿಯ ನಾಡಿ ಹಿಡಿದು ಜ್ವರ ಎಷ್ಟೆಂದು ಹೇಳುವಂಥವರು.

ಸೋಲಪ್ಪ ನಮಗೆ ಸಿಕ್ಕಿದ್ದು ಅಧ್ಯಕ್ಷರ ಸೋಫಾದ ದೆಸೆಯಿಂದ. ಅದು ಅವರ ಭಾರಕ್ಕೆ ಕುಸಿದಿತ್ತು. ರಿಪೇರಿಗೆ ಕೊಡಲು ಹೋದಾಗ ಪರದೆಯ ಹಿಂದಿನಿಂದ ಅವನ ಹೆಂಡತಿ ಕೂಗಿ ಹೇಳಿದರಂತೆ:

"ಸ್ವಲ್ಪ ನಿಧಾನ ಆಗುತ್ತೆ ಸಾರ್, ಇವರಿಗೆ ಕತ್ತು ತಿರುಗಲ್ಲ. ಟಿವಿಲಿ ಒದೆ ತಿಂದು ತಿಂದು ಹಾಳ್ ಮಾಡ್ಕೊಂಡಿದಾರೆ!"

ಮುಂದಿನ ಭಾನುವಾರ ಅವನನ್ನು ಮಹಡಿಗೆ ಕರೆಸಿದೆವು. ಐದೂ ಮುಖವಾಡ ತಾನೇ ಎಂದು ಅವನು ಹೇಳಿದಾಗ ಸಂಘಕ್ಕೆ ಸಿಟ್ಟು ಬಂತು. ಕರಿಚೇಳು ಮೇಲೋ ಉಕ್ಕಿನ ಕುತ್ತಿಗೆ ಮೇಲೋ ಎಂದು ವರ್ಷಗಟ್ಟಲೆ ಜಗಳವಾಡಿ ಮಾತು ಬಿಟ್ಟವರೂ ನಮ್ಮಲ್ಲಿದ್ದರು.

"ಐದೂ ನೀನೇನಾ? ಒಂದನ್ನಾದ್ರೂ ಬೇರೆಯವರಿಗೆ ಬಿಡಬಾರದಿತ್ತೇನಯ್ಯ?" ಎಂದರು ಅಧ್ಯಕ್ಷರು.

"ಬೇರೆಯವರು ಯಾರೂ ಒಪ್ಪಲಿಲ್ಲ ಸಾರ್."

ಆಮೇಲೆ, ಯಾರೂ ಕೇಳದಿದ್ದರೂ, ಅವನು ಇನ್ನೊಂದು ಮಾತು ಹೇಳಿದ. "ಕೊನೇ ಕಂತಲ್ಲಿ ನಾನು ಗೆದ್ದಿದೀನಿ ಸಾರ್. ಮುಖವಾಡ ಇಲ್ದೆ. ಅದು ಟಿವಿಲಿ ಬರಲೇ ಇಲ್ಲ."

ಎಲ್ಲರೂ ನಕ್ಕರು. ಅವನು ನಗು ಮುಗಿಯುವವರೆಗೆ ಕಾದ. ಅದರಲ್ಲಿ ಅವನಿಗೆ ಅಭ್ಯಾಸವಿತ್ತು. ಆ ದಿನ ಹೀರೋ ಕಂಪನಿಯ ಮಾಲೀಕನ ಮೇಲೆ ಮುನಿಸಿಕೊಂಡು ಮಧ್ಯಾಹ್ನವೇ ಹೊರಟುಹೋಗಿದ್ದನಂತೆ. ಯಾರಾದರೊಬ್ಬ ಗೆಲ್ಲಲೇಬೇಕಿತ್ತು. ಹೀರೋನ ತಮ್ಮನ ಪಾತ್ರದವನನ್ನು ಎದುರಿಗೆ ನಿಲ್ಲಿಸಿ, "ಇವತ್ತು ನಿನ್ನ ಮುಖದಲ್ಲೇ ಬಾ, ನೀನೇ ಗೆಲ್ಲು" ಎಂದಿದ್ದನಂತೆ ಮಾಲೀಕ.

"ಮದುವೆ ಆದಾಗಿಂದ ಮನೇಲಿ ಇದನ್ನೇ ಹೇಳ್ತಿದೀನಿ. ಅವಳು ನಂಬಲ್ಲ. ನೀವು ದೊಡ್ಡೋರು, ನಾಲ್ಕು ಜನ ಗೊತ್ತಿರೋರು. ಆ ಟೇಪು ಎಲ್ಲಾದ್ರೂ ಸಿಕ್ಕಿದ್ರೆ ಅವಳಿಗೆ ಒಂದ್ಸಲ ತೋರಿಸಿ ಸಾರ್. ನನಗೆ ಇನ್ನೇನೂ ಬೇಡ."

ನಮ್ಮ ಕಾನ್ವೆಂಟಿನ ಮಾರಲ್ ಸೈನ್ಸ್ ಪುಸ್ತಕದಲ್ಲಿ ಸೋಲನ್ನು ಹೊಗಳುವ ಒಂದು ಪಾಠವಿತ್ತು. ಬರೆದವರು ಎಂದೂ ಸೋತವರಲ್ಲ ಎಂಬುದು ಓದಿದರೇ ಗೊತ್ತಾಗುತ್ತಿತ್ತು. ಸೋಲಪ್ಪನ ಮುಖ ನೋಡಿದಾಗ ಆ ಪಾಠದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ.

ಟೇಪು ಸಿಕ್ಕಿತು. ಚಾನೆಲ್ಲಿನಲ್ಲಿ ಕಾರ್ಯಕ್ರಮಗಳನ್ನು ನೋಡಿ ಪಾಸು ಮಾಡುತ್ತಿದ್ದ ಅಧಿಕಾರಿಯೊಬ್ಬರು ನಿವೃತ್ತರಾಗಿ ಮನೆಯಲ್ಲಿದ್ದರು. ಸಲಹೆಗಾರರು ಅವರನ್ನು ಹುಡುಕಿಕೊಂಡು ಹೋಗಿ, ಅಟ್ಟದಿಂದ ಪೆಟ್ಟಿಗೆ ಇಳಿಸಿ, ಟೇಪಿನ ಜೊತೆಗೆ ಒಂದು ಸುದ್ದಿಯನ್ನೂ ತಂದರು. ಸುದ್ದಿಯನ್ನು ಪ್ರದರ್ಶನದ ದಿನದವರೆಗೆ ಹೊಟ್ಟೆಯಲ್ಲೇ ಇಟ್ಟುಕೊಂಡರು.

ಆ ಭಾನುವಾರ ಸೋಲಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ. ಹೆಂಡತಿ ಬ್ಯಾಗು ಹಿಡಿದು ಹಿಂದೆ ಬಂದರು. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದೆವು.

"ಎಷ್ಟೊತ್ತು ಆಗುತ್ತೆ? ಬಟ್ಟೆ ನೆನೆಹಾಕಿ ಬಂದಿದೀನಿ," ಎಂದರು ಆಕೆ.

"ಎರಡು ನಿಮಿಷ ಕಣೇ. ಕಣ್ಣು ಮಿಟುಕಿಸಬೇಡ," ಎಂದ ಸೋಲಪ್ಪ.

ಪರದೆಯ ಮೇಲೆ ಮಸುಕಾಗಿ ಅಂಕಣ ಕಾಣಿಸಿತು. ತೆಳ್ಳಗಿನ ಯುವಕನೊಬ್ಬ ಹಗ್ಗ ದಾಟಿ ಒಳಗೆ ಬಂದ. ಸೋಲಪ್ಪನೇ, ಸಂಶಯವಿಲ್ಲ, ಕತ್ತು ಮಾತ್ರ ಎರಡೂ ಕಡೆ ತಿರುಗುತ್ತಿತ್ತು. ಎದುರಾಳಿಯನ್ನು ಎತ್ತಿದ, ಹಾಕಿದ, ಮೇಲೆ ಬಿದ್ದ. ರೆಫರಿ ನೆಲ ಬಡಿದು ಮೂರು ಎಣಿಸಿದ. ಸೋಲಪ್ಪ ಎದ್ದು ಎರಡೂ ಕೈ ಮೇಲೆತ್ತಿದ. ಸದ್ದೇ ಇಲ್ಲ. ಕ್ಯಾಮರಾ ಅವನ ಸುತ್ತ ತಿರುಗಿತು. ಹಿಂದೆ ಸಾಲು ಸಾಲು ಖಾಲಿ ಕುರ್ಚಿಗಳು. ಅವುಗಳ ನಡುವೆ ಒಬ್ಬಾಕೆ ಬಗ್ಗಿ ಕಸ ಗುಡಿಸುತ್ತಿದ್ದಳು. ಅವನು ಆಕೆಯ ಕಡೆಗೂ ಕೈ ಬೀಸಿದ.

"ಜನ ಎಲ್ರೀ?" ಎಂದರು ಹೆಂಡತಿ.

"ಅವರ ಬಸ್ಸಿಗೆ ಹೊತ್ತಾಯ್ತು ಅಂತ ಹೊರಟುಹೋಗಿದ್ರು. ಚಪ್ಪಾಳೆ ಆಮೇಲೆ ಸೇರಿಸ್ತೀವಿ ಅಂದಿದ್ರು ಕಣೇ. ಕುರ್ಚಿಗಳನ್ನ ಕತ್ತಲೆ ಮಾಡ್ತೀವಿ ಅಂದಿದ್ರು."

"ಹಾಗಾದ್ರೆ ನೀವು ಗೆದ್ದಿದ್ದು ನೋಡಿದ್ದು ಆ ಕಸ ಗುಡಿಸೋಳು ಒಬ್ಬಳೇನಾ?"

"ಅವಳೂ ನೋಡಿಲ್ಲಮ್ಮ, ಬೆನ್ನು ಹಾಕಿದಾಳೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ನಗು ಇನ್ನೂ ಇಳಿದಿರಲಿಲ್ಲ, ಸಲಹೆಗಾರರು ಎದ್ದು ನಿಂತರು. ಅವರ ಗಂಟಲು ಸರಿಮಾಡಿಕೊಳ್ಳುವ ರೀತಿಯಲ್ಲೇ ಒಂದು ವರದಿ ಇತ್ತು.

"ಕಂಪನಿ ಯಾಕೆ ಮುಚ್ಚಿತು ಅಂತ ಇಷ್ಟು ವರ್ಷ ಕಿತ್ತಾಡಿದೀವಿ. ಇವತ್ತಿಗೆ ಬಗೆಹರೀತು. ಸಮಯ ಬದಲಾಗಿದ್ದೂ ಅಲ್ಲ, ಎಣ್ಣೆಯವರೂ ಅಲ್ಲ. ಎಣ್ಣೆಯವರು ಇನ್ನೊಂದು ವರ್ಷಕ್ಕೆ ಒಪ್ಪಿಕೊಂಡಿದ್ರಂತೆ. ಮಾದರಿಗೆ ಒಂದು ಕಂತು ಕಳಿಸಿ ಅಂತ ಕೇಳಿದ್ರು. ಕಂಪನಿಯವರು ಕಳಿಸಿದ್ದು ಇದನ್ನೇ. ಚಪ್ಪಾಳೆ ಸೇರಿಸೋದನ್ನೂ ಮರೆತು, ಹೀಗೇ. ಎಣ್ಣೆ ಮಾಲೀಕರು ನೋಡಿ, ಈ ಮನುಷ್ಯ ಯಾರು, ಇವನು ಗೆದ್ರೆ ನೋಡೋಕೆ ನಾಯೀನೂ ಬರಲ್ವಾ ಅಂದ್ರಂತೆ. ಅವರು ಬಿಟ್ರು. ಮರುದಿನ ಚಾನೆಲ್ಲೂ ಬಿಡ್ತು."

ಸೋಲಪ್ಪ ಇಡೀ ಮೈ ತಿರುಗಿಸಿ ಒಬ್ಬೊಬ್ಬರನ್ನಾಗಿ ನೋಡಿದ. ಅಧ್ಯಕ್ಷರು ಮೆಲ್ಲಗೆ ಹೇಳಿದರು:

"ಅಂದ್ರೆ ಕಂಪನಿ ಮುಳುಗಿಸಿದ್ದು ನೀನೇನಯ್ಯ."

"ನಾನು... ಅವರು ಗೆಲ್ಲು ಅಂದ್ರು, ಗೆದ್ದೆ ಸಾರ್."

"ಜೀವಮಾನದಲ್ಲಿ ಒಂದೇ ಒಂದು ಸಲ ಗೆದ್ದೆ. ಅಷ್ಟಕ್ಕೇ ನಲವತ್ತು ಜನರ ಅನ್ನ ಹೋಯ್ತು," ಎಂದರು ಸಲಹೆಗಾರರು. ತಮ್ಮ ಎಣ್ಣೆಯ ಸಿದ್ಧಾಂತ ಅರ್ಧವಾದರೂ ಉಳಿಯಿತೆಂಬ ತೃಪ್ತಿ ಅವರ ಮುಖದಲ್ಲಿತ್ತು.

ನಂತರದ್ದು ಯಾರ ಸಲಹೆಯೋ ನೆನಪಿಲ್ಲ, ಎಲ್ಲರದೂ ಇರಬೇಕು. ಆ ಫಲಿತಾಂಶವನ್ನು ರದ್ದು ಮಾಡಿ ಸೋಲಪ್ಪನನ್ನು ಮತ್ತೊಮ್ಮೆ ಸೋಲಿಸಬೇಕೆಂದು ತೀರ್ಮಾನವಾಯಿತು. ಯಾರೋ ಸಂಘದ ಕಪಾಟಿನಿಂದ ಕರಿಚೇಳಿನ ಮುಖವಾಡ ತಂದರು. ಸಂಘದ ಬ್ಯಾನರನ್ನು ನೆಲಕ್ಕೆ ಹಾಸಿದರು. ಅಧ್ಯಕ್ಷರು ಬೆಲ್ಟು ಸಡಿಲಿಸಿದರು.

"ಬೇಡ ಸಾರ್, ಕತ್ತು..." ಎಂದ ಸೋಲಪ್ಪ.

"ತಮಾಷೆಗಯ್ಯಾ! ಸುಮ್ನೆ ಮಲಕ್ಕೋ. ನಿನಗೆ ಹೊಸದಾ?"

ಅವನು ಹೆಂಡತಿಯ ಕಡೆ ನೋಡಿದ. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಅಳುವೆಂದು ಅವನಿಗೆ ಅನ್ನಿಸಿರಬೇಕು. ಹತ್ತಿರ ಕೂತವರಿಗೆ ಅದು ನಗು ಎಂದು ಗೊತ್ತಿತ್ತು. ಅವನು ಮುಖವಾಡ ಏರಿಸಿಕೊಂಡು ಮಲಗಿದ. ಅಧ್ಯಕ್ಷರು ಅವನ ಮೇಲೆ ಬಿದ್ದರು. ಏನೋ ಲಟಕ್ಕೆಂದಿತು, ನೆಲದ ಹಲಗೆ ಇರಬಹುದು ಎಂದುಕೊಂಡು ಮೂರು ಎಣಿಸಿದೆವು. ಚಪ್ಪಾಳೆ ಎಷ್ಟು ಜೋರಾಗಿತ್ತೆಂದರೆ ಕೆಳಗೆ ಅಂಗಡಿಯ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು ನೋಡಿದರು.

ಈಗ ಅವನಿಗೆ ಬಲಕ್ಕೂ ತಿರುಗಲು ಬರುವುದಿಲ್ಲ. ಡಾಕ್ಟರು ಕತ್ತಿಗೆ ಪಟ್ಟಿ ಹಾಕಿದ್ದಾರೆ. ಅದರ ಒಳಮೈ ಒರಟೆಂದು ಅಳಿದುಳಿದ ಸೋಫಾ ಬಟ್ಟೆಯನ್ನು ತಾನೇ ಹೊಲಿದುಕೊಂಡಿದ್ದಾನೆ. ಸಂಘ ಈಗ ಒಗ್ಗಟ್ಟಾಗಿದೆ. ಎರಡು ಪಂಗಡಗಳೂ ರಾಜಿಯಾದವು. ಮಾತು ಬಿಟ್ಟವರು ಮಾತಾಡುತ್ತಿದ್ದಾರೆ. ಗೆಲುವಿನ ಆ ಎರಡು ನಿಮಿಷದ ತುಣುಕು ಈಗ ಊರೆಲ್ಲರ ಫೋನಿನಲ್ಲಿದೆ. ಟಿವಿಯಲ್ಲಿ ಬಂದಿದ್ದರೂ ಅಷ್ಟು ಜನ ನೋಡುತ್ತಿರಲಿಲ್ಲ.

ಹೆಂಡತಿಯ ಸಂಶಯವೂ ತೀರಿತು. ಮೊನ್ನೆ ನಾನು ಕುರ್ಚಿಯೊಂದನ್ನು ಕೊಡಲು ಹೋದಾಗ ಆಕೆ ಪಕ್ಕದ ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಂತು, ಕಾಯುತ್ತಿದ್ದ ರೋಗಿಗಳಿಗೆ ಹೇಳುತ್ತಿದ್ದರು:

"ಸುಳ್ಳಲ್ಲ ಕಣ್ರೀ, ಇವರು ನಿಜವಾಗ್ಲೂ ಗೆದ್ದಿದಾರೆ. ನಾನೇ ಕಣ್ಣಾರೆ ನೋಡಿದೀನಿ. ಇವರು ಗೆದ್ದ ಮರುದಿನವೇ ಕಂಪನಿ ಬಾಗಿಲು ಹಾಕ್ತು!"

ದವಡೆಗೆ ಕೈ ಒತ್ತಿಕೊಂಡು ಕೂತಿದ್ದವರೂ ನಕ್ಕರು. ಒಬ್ಬ ಎದ್ದು ಬಂದು ಮಳಿಗೆಯೊಳಗೆ ಇಣುಕಿ, "ಹೌದೇನಣ್ಣ?" ಎಂದು ಕೇಳಿದ.

"ಇಲ್ಲ ಸಾರ್, ನಾನು ಯಾವತ್ತೂ ಗೆದ್ದಿಲ್ಲ," ಎಂದ ಸೋಲಪ್ಪ.

"ಹೋಗಣ್ಣ, ಸುಳ್ಳು ಹೇಳ್ಬೇಡ," ಎಂದು ಅವನು ಫೋನು ತೆಗೆದ.